ತೆಕ್ಲಾಳ ಹೊಸ ತಕ್ಕಡಿ

ತೆಕ್ಲಾ ಹ್ರಿಂಕಿವ್ ಕೂತದ್ದನ್ನು ನಾನು ಕಂಡದ್ದೇ ಅಪರೂಪ. ಮಧ್ಯಾಹ್ನದ ಬೀಟ್‌ರೂಟ್ ಸಾರನ್ನು ಲೋಟಕ್ಕೆ ಬಗ್ಗಿಸಿಕೊಂಡು ಕಿಟಕಿಯ ಹತ್ತಿರ ನಿಂತೇ ಕುಡಿಯುವಳು. ಫೋನಿನಲ್ಲಿ ಮಾತಾಡುವಾಗ ಅದರ ವಯರ್ ಎಷ್ಟು ದೂರ ಬರುತ್ತದೋ ಅಷ್ಟು ದೂರ ಹೋಗಿ, ತಿರುಗಿ, ಮತ್ತೆ ಹೋಗುವಳು. ನಮ್ಮ ಚರ್ಚಿನಲ್ಲಿ ಪೂಜೆಯ ಹೆಚ್ಚು ಹೊತ್ತು ನಿಂತೇ ಇರಬೇಕು. ಅದಕ್ಕೇ ಅವಳಿಗೆ ಇಷ್ಟು ಭಕ್ತಿ ಎಂದು ವಾಸಿಲ್ ಛೇಡಿಸುತ್ತಿದ್ದರು. ವಾಸಿಲ್ ನಮ್ಮ ಸಹಕಾರ ಸಂಘದ ಅಂಗಳ, ಗೋದಾಮು ನೋಡಿಕೊಳ್ಳುವವರು. ಎಲ್ಲರೂ ಅವರನ್ನು ವುಯ್ಕೋ, ಅಂದರೆ ಮಾಮ, ಎಂದೇ ಕರೆಯುವುದು.

ಇಂಥ ತೆಕ್ಲಾಳಿಗೆ ದೇವರು ಕೊಟ್ಟ ಕೆಲಸ ಮಾತ್ರ ಕಾಯುವ ಕೆಲಸ. ಸಸ್ಕಾಚೆವನ್ ಪ್ರಾಂತ್ಯದ ನಮ್ಮ ಮೂಲೆಯಲ್ಲಿ ಚಳಿಗಾಲವೆಂದರೆ ರೈತರು ಮುಂದಿನ ಬಿತ್ತನೆಗೆ ಎತ್ತಿಟ್ಟ ಬೀಜವನ್ನು ಪರೀಕ್ಷೆಗೆ ತರುವ ಕಾಲ. ಗೋಧಿ, ಬಾರ್ಲಿ, ಬಟಾಣಿ, ಮಸೂರ, ಅಗಸೆ. ಸಂಘದ ಹಿಂಭಾಗದಲ್ಲಿ ಮರದ ನೆಲದ ಒಂದು ಹಳೆಯ ಕೋಣೆ ಇದೆ. ಬೀಜದ ಕೋಣೆ ಎಂದೇ ಅದರ ಹೆಸರು. ಅಲ್ಲಿ ತೆಕ್ಲಾ ಒದ್ದೆ ಕಾಗದದ ಮೇಲೆ ಬೀಜ ಹರಡಿ ಎಷ್ಟು ಮೊಳಕೆ ಬಂತೆಂದು ನೋಡುವಳು. ಆಮೇಲೆ ಬೀಜದೊಳಗೆ ಬೆರೆತ ಕಳೆಬೀಜ, ಹೊಟ್ಟು, ಮಣ್ಣನ್ನು ಚಿಮಟದಲ್ಲಿ ಆರಿಸಿ ತೂಗುವಳು. ಕೆಲವು ಕಳೆಬೀಜ ಸಾಸಿವೆಗಿಂತ ಸಣ್ಣವು. ಅವನ್ನು ತೂಗಲು ದಿನಸಿ ಅಂಗಡಿಯ ತಕ್ಕಡಿ ನಡೆಯುವುದಿಲ್ಲ.

ನಾನು ಸಂಘದ ಮುಂಭಾಗದ ಅಂಗಡಿಯಲ್ಲಿ ಗಲ್ಲಾದ ಹಿಂದೆ ಕೂರುವವಳು. ನನಗೂ ಅವಳಿಗೂ ನಡುವೆ ಒಂದು ಹಲಗೆಗೋಡೆ, ಅದರಲ್ಲಿ ಸದಾ ತೆರೆದಿರುವ ಒಂದು ಬಾಗಿಲು. ಅವಳ ಹೆಜ್ಜೆಯ ಸದ್ದು ಇಷ್ಟು ವರ್ಷದಲ್ಲಿ ನನಗೆ ಎಷ್ಟು ರೂಢಿಯಾಗಿತ್ತೆಂದರೆ, ಅದು ನಿಂತರೆ ಮಾತ್ರ ತಲೆ ಎತ್ತಿ ನೋಡುತ್ತಿದ್ದೆ.

ಆ ವರ್ಷ ಹಳೆಯ ತಕ್ಕಡಿ ಕೈಕೊಟ್ಟಿತು. ಸಂಘದ ಮಂಡಳಿಯವರು ಸೇರಿ, ಇನ್ನು ಬೀಜವನ್ನೆಲ್ಲ ನಗರದ ದೊಡ್ಡ ಪರೀಕ್ಷಾಲಯಕ್ಕೆ ಕಳಿಸಿದರಾಯಿತು, ಈ ಕೋಣೆ ಮುಚ್ಚೋಣ ಎಂದರು. ತೆಕ್ಲಾ ಒಬ್ಬೊಬ್ಬರ ಮನೆಗೂ ಹೋಗಿ ಮಾತಾಡಿದಳು. ಕಡೆಗೆ ಒಂದು ಒಪ್ಪಂದವಾಯಿತು: ಹೊಸ ಎಲೆಕ್ಟ್ರಾನಿಕ್ ತಕ್ಕಡಿ ತರಿಸುತ್ತೇವೆ, ಜನವರಿಯಲ್ಲಿ ಪ್ರಾಂತ್ಯದ ತಪಾಸಣೆಯವರು ಬಂದು ಅದನ್ನು ನೋಡಿ ಒಪ್ಪಿದರೆ ಕೋಣೆ ಉಳಿಯುತ್ತದೆ, ಒಪ್ಪದಿದ್ದರೆ ಅದೇ ವಾರ ಬೀಗ.

"ಬೀಗ ಹಾಕಿದ್ರೆ ನಾನು ಮನೇಲಿ ಏನು ಮಾಡ್ಲಿ ಹೇಳು," ಎಂದು ಅವಳು ನನ್ನನ್ನು ಕೇಳಿದಳು. "ಅಡುಗೆಮನೆಯಿಂದ ನಡುಮನೆಗೆ, ನಡುಮನೆಯಿಂದ ಅಡುಗೆಮನೆಗೆ. ಗಂಡ ಇದ್ದಾಗ ಅವನಾದ್ರೂ ಬೈತಿದ್ದ."

ತಕ್ಕಡಿ ಬರುವ ಮೊದಲೇ ಅದರ ಜೊತೆಗಿನ ಸೂಚನೆಗಳ ಪುಸ್ತಕವನ್ನು ಅಂಚೆಯಲ್ಲಿ ತರಿಸಿಕೊಂಡು ಅವಳು ಓದಿದಳು. ಬಾಗಿಲಲ್ಲಿ ನಿಂತು ನನಗೂ ಓದಿಹೇಳಿದಳು. ಕಿಟಕಿಯಿಂದ ದೂರ ಇಡಬೇಕು, ನೆಲದ ಜಾಲರಿಯಿಂದ ಏಳುವ ಬಿಸಿಗಾಳಿಯಿಂದ ದೂರ ಇಡಬೇಕು, ಸರಿಯಾದ ಅರ್ಥಿಂಗ್ ಇರುವ ಪ್ಲಗ್ ಬೇಕು, ಕೆಳಗೆ ಅಲುಗಾಡದ ಕಲ್ಲು ಬೇಕು. ಕಲ್ಲಿಗಾಗಿ ಅವಳು ಯಾರ್ಕ್‌ಟನ್‌ನ ಸಮಾಧಿಕಲ್ಲಿನವನ ಹತ್ತಿರ ಹೋಗಿ, ಮೂಲೆ ಒಡೆದು ಮಾರಾಟವಾಗದೆ ಬಿದ್ದಿದ್ದ ಒಂದು ಗ್ರಾನೈಟ್ ಚಪ್ಪಡಿ ತಂದಳು. ವಾಸಿಲ್ ಅದನ್ನು ಹೊತ್ತು ಮೂಲೆಯ ಮೇಜಿನ ಮೇಲಿಟ್ಟು ಬೆನ್ನು ಹಿಡಿದುಕೊಂಡರು.

"ಯಾರ ಸಮಾಧಿ ಮೇಲೆ ತೂಗ್ತೀಯಮ್ಮಾ?"

"ಇನ್ನೂ ಯಾರ ಹೆಸರೂ ಕೆತ್ತಿಲ್ಲ. ನಿಮಗೆ ಜಾಗ ಇದೆ ವುಯ್ಕೋ."

ಎಲ್ಲಕ್ಕಿಂತ ಮುಖ್ಯವಾದ ಮಾತನ್ನು ಅವಳು ಎರಡು ಸಲ ಓದಿದ್ದಳು. ಚಳಿಯಿಂದ ಒಳಗೆ ಬಂದ ಪೆಟ್ಟಿಗೆಯನ್ನು ತಕ್ಷಣ ತೆರೆಯಬಾರದು. ಒಳಗಿನ ಪ್ಲಾಸ್ಟಿಕ್ ಚೀಲದ ಬಾಯಿ ಬಿಚ್ಚದೆ, ಕೋಣೆಯಲ್ಲಿ ಒಂದು ಹಗಲು ಒಂದು ರಾತ್ರಿ ಸುಮ್ಮನೆ ಬಿಡಬೇಕು. ಇಲ್ಲದಿದ್ದರೆ ತಣ್ಣನೆಯ ಲೋಹದ ಮೇಲೆ ಕೋಣೆಯ ಗಾಳಿ ಬೆವರಾಗಿ ಕೂರುತ್ತದೆ. ಆ ತೇವ ಒಳಗೆ ಇರುವಾಗ ಕರೆಂಟ್ ಹರಿದರೆ ಯಂತ್ರ ಸುಟ್ಟುಹೋಗಬಹುದು. ಈ ಮಾತು ವಾಸಿಲ್‌ಗೆ ಹೇಳಬೇಕೆಂದು ಅವಳಿಗೂ ತೋಚಲಿಲ್ಲ, ನನಗೂ ತೋಚಲಿಲ್ಲ. ಪೆಟ್ಟಿಗೆ ಬಂದಾಗ ಅವಳೇ ಇರುತ್ತಾಳಲ್ಲ.

ಆದರೆ ಪೆಟ್ಟಿಗೆ ಹೇಳಿದ್ದ ಹೊತ್ತಿಗಿಂತ ಮೊದಲೇ ಬಂತು. ಅಂದು ಜೋರ್ಡಾನ್ ಹಬ್ಬ, ನೀರನ್ನು ಪವಿತ್ರ ಮಾಡುವ ದಿನ. ಊರೆಲ್ಲ ಚರ್ಚಿನ ಅಂಗಳದಲ್ಲಿ ಹಿಮದಿಂದ ಕೊರೆದ ಶಿಲುಬೆಯ ಸುತ್ತ ನಿಂತಿತ್ತು. ಮೈ ಮರಗಟ್ಟುವ ಚಳಿ. ಫಾದರ್ ಚಿಮುಕಿಸಿದ ನೀರು ನಮ್ಮ ಕೋಟಿನ ಮೇಲೆ ಬಿದ್ದೊಡನೆ ಗಾಜಾಗುತ್ತಿತ್ತು. ಮಂಡಿನೋವಿನ ವಾಸಿಲ್ ಮಾತ್ರ ಸಂಘದಲ್ಲಿ ಕಾವಲಿಗೆ ಉಳಿದಿದ್ದರು. ಲಾರಿಯವನು ಪೆಟ್ಟಿಗೆ ಇಳಿಸಿ ಹೋದ.

ನಮ್ಮ ಕಡೆ ಚಳಿಗಾಲದಲ್ಲಿ ಪ್ರತಿ ಕಾರಿನ ಮೂತಿಯಿಂದಲೂ ಎಂಜಿನ್ ಕಾಯಿಸುವ ಹೀಟರಿನ ವಯರ್ ಒಂದು ನೇತಾಡುತ್ತಿರುತ್ತದೆ. ಇಳಿದವರು ಮೊದಲು ಮಾಡುವ ಕೆಲಸ ಅದನ್ನು ಹತ್ತಿರದ ಪ್ಲಗ್‌ಗೆ ಸಿಕ್ಕಿಸುವುದು. ಎಂಜಿನ್ ಬೆಚ್ಚಗಿರದಿದ್ದರೆ ಬೆಳಿಗ್ಗೆ ಗಾಡಿ ಅಲ್ಲಾಡುವುದಿಲ್ಲ. ಯಾರದ್ದೋ ಕಾರಿನ ವಯರ್ ಸಿಕ್ಕಿಸದೆ ನೇತಾಡುತ್ತಿದ್ದರೆ ದಾರಿಯಲ್ಲಿ ಹೋಗುವವರೇ ಬಗ್ಗಿ ಸಿಕ್ಕಿಸಿ ಹೋಗುವರು. ಅದು ಉಪಕಾರ ಎಂದು ಯಾರೂ ಲೆಕ್ಕ ಇಡುವುದಿಲ್ಲ. ಚಳಿಯಲ್ಲಿ ನಿಂತ, ವಯರ್ ಇರುವ ಯಾವುದನ್ನೇ ಕಂಡರೂ ನಮ್ಮವರ ಕೈ ತಾನಾಗಿ ಪ್ಲಗ್ ಹುಡುಕುತ್ತದೆ.

ನಾವು ಹಬ್ಬ ಮುಗಿಸಿ ಬಂದೆವು. ತೆಕ್ಲಾಳ ಕೈಯಲ್ಲಿ ಪವಿತ್ರ ನೀರಿನ ಸೀಸೆ ಇತ್ತು. ಬೀಜದ ಕೋಣೆಯ ಬಾಗಿಲಲ್ಲಿ ಅವಳ ಹೆಜ್ಜೆ ನಿಂತಿತು. ನಾನು ಹೋಗಿ ನೋಡಿದೆ.

ನೆಲದ ಜಾಲರಿಯ ಪಕ್ಕದಲ್ಲೇ, ಬಿಸಿಗಾಳಿಗೆ ಮುಖ ಮಾಡಿ, ಒಂದು ಸ್ಟೂಲಿನ ಮೇಲೆ ಹೊಸ ತಕ್ಕಡಿ ಕೂತಿತ್ತು. ತಟ್ಟೆಗೆ ಗಾಳಿ ತಾಗದ ಹಾಗೆ ಅದರ ಸುತ್ತ ಇದ್ದ ಗಾಜಿನ ಗೋಡೆ ಪೂರ್ತಿ ಮಂಜು. ಅದರ ಮೇಲಿಂದ ನೀರಿನ ಗೆರೆಗಳು ಇಳಿಯುತ್ತಿದ್ದವು. ಮುಂಭಾಗದಲ್ಲಿ ಒಂದು ಸಣ್ಣ ಹಸಿರು ದೀಪ ಉರಿಯುತ್ತಿತ್ತು.

"ಪಾಪ, ಐಸ್ ತರ ತಣ್ಣಗಿತ್ತು," ಎಂದರು ವಾಸಿಲ್ ಸಂತೋಷದಿಂದ. "ಬಿಚ್ಚಿ ಬೆಚ್ಚಗೆ ಕೂರ್ಸಿದೀನಿ. ವಯರ್ ಇತ್ತು, ಸಿಕ್ಕಿಸ್ದೆ."

ತೆಕ್ಲಾ ನಡೆದುಹೋಗಿ ಪ್ಲಗ್ ಕಿತ್ತಳು. ಹಸಿರು ದೀಪ ಆರಿತು. ಅದನ್ನು ನೋಡಿ ವಾಸಿಲ್ ಮುಖ ಸಪ್ಪಗಾಯಿತು.

"ತಪ್ಪಾಯ್ತಾ?"

"ತಟ್ಟೆ ಕೆಳಗೆ ಕೆಂಪು ತುಂಡು ಇತ್ತಲ್ಲ, ತೆಗೆದ್ರಾ?"

"ಅದನ್ನ ಮುಟ್ಟಿಲ್ಲ."

"ಅದೊಂದು ಉಳೀತು. ದಾರೀಲಿ ಅಲುಗಾಡ್ಬಾರದು ಅಂತ ಹಾಕಿರೋ ಬೀಗ ಅದು."

"ಒಂದ್ಸಲ ಬೈದುಬಿಡು ತೆಕ್ಲಾ."

"ಬೈದ್ರೆ ಒಣಗುತ್ತಾ?"

ಅವಳು ಸ್ಟೂಲನ್ನು ಬಿಸಿಗಾಳಿಯಿಂದ ದೂರ ಎಳೆದಳು, ಗಾಜಿನ ಬಾಗಿಲುಗಳನ್ನು ಮೆಲ್ಲಗೆ ಸರಿಸಿ ತೆರೆದಿಟ್ಟಳು. ವಾಸಿಲ್ ತಲೆಗೂದಲು ಒಣಗಿಸುವ ಡ್ರೈಯರ್ ಅಂಗಡಿಯಲ್ಲಿದೆ, ತರಲೇ ಎಂದರು. ಬೇಡ, ಅದು ತೇವವನ್ನು ಇನ್ನೂ ಒಳಗೆ ತಳ್ಳುತ್ತದೆ ಎಂದಳು. ಅವರು ಸುಮ್ಮನಿರಲಾರದೆ ಸೀಸೆಯ ಕಡೆ ನೋಡಿದರು.

"ಹಾಗಾದ್ರೆ ಸ್ವಲ್ಪ ಪವಿತ್ರ ನೀರು ಚಿಮುಕಿಸೋಣ್ವಾ?"

"ಇರೋ ನೀರು ಸಾಲದಾ ವುಯ್ಕೋ?"

ನನಗೆ ನಗು ಬಂತು, ಅವಳಿಗೆ ಬರಲಿಲ್ಲ. ಆ ಸೀಸೆಯನ್ನು ನಾನು ತೆಗೆದುಕೊಂಡು ನನ್ನ ಗಲ್ಲಾದ ಪಕ್ಕದಲ್ಲಿಟ್ಟೆ.

ತಕ್ಕಡಿ ಮಾರಿದವರಿಗೆ ಫೋನ್ ಮಾಡಿದಳು. ಅತ್ತಲಿನವನು ಎಲ್ಲ ಕೇಳಿಕೊಂಡು, ಒಳಗೆ ಎಷ್ಟು ತೇವ ಹೋಗಿದೆ ಎಂದು ಹೇಳಲಾಗದು, ಎರಡು ದಿನ ಪ್ಲಗ್ ಮುಟ್ಟಬೇಡಿ, ಆಮೇಲೆ ಹಾಕಿ ನೋಡಿ ಎಂದನಂತೆ. ಅದೃಷ್ಟವಿದ್ದರೆ ಏನೂ ಆಗಿರುವುದಿಲ್ಲ.

"ತಪಾಸಣೆಯವರು ನಾಳೆನೇ ಬರ್ತಾರೆ," ಎಂದಳು ತೆಕ್ಲಾ. ಅವನು ಏನು ಹೇಳಿದನೋ ಕೇಳಿಸಲಿಲ್ಲ. ಅವಳು ಫೋನ್ ಇಟ್ಟು ನಡೆಯತೊಡಗಿದಳು.

ಆ ಸಂಜೆಯವರೆಗೂ ಅವಳು ನಿಲ್ಲಲಿಲ್ಲ. ಬೀಜದ ಜಾಡಿಗಳನ್ನೆಲ್ಲ ಇಳಿಸಿ ಒರೆಸಿದಳು. ಒರೆಸಿದ ಜಾಡಿಗಳನ್ನು ಮತ್ತೆ ಒರೆಸಿದಳು. ಮೊಳಕೆಯ ಕಪಾಟಿನ ಬಾಗಿಲು ತೆರೆದು ನೋಡಿ ಮುಚ್ಚಿದಳು. ಸ್ಟೂಲಿನ ಹತ್ತಿರ ಬಂದು, ಕೈ ಹಿಂದೆ ಕಟ್ಟಿಕೊಂಡು ಬಗ್ಗಿ, ಗಾಜಿನ ಮೇಲಿನ ಮಂಜು ಎಷ್ಟು ಇಳಿಯಿತೆಂದು ನೋಡಿ ಹೋದಳು. ವಾಸಿಲ್ ಅಂಗಳದಲ್ಲಿ ಆಗಲೇ ತೆಗೆದ ಹಿಮವನ್ನೇ ಮತ್ತೊಮ್ಮೆ ಸಲಿಕೆಯಲ್ಲಿ ತೆಗೆಯುತ್ತಿದ್ದರು. ಒಳಗೆ ಬರಲು ಅವರಿಗೆ ಮುಖವಿರಲಿಲ್ಲ.

ಮರುದಿನ ತಪಾಸಣೆಗೆ ವರ್ನಾ ಫ್ರೀಸೆನ್ ಬಂದರು. ಮಿತಭಾಷಿ, ಐವತ್ತರ ಹೆಂಗಸು. ಕೋಟು ತೆಗೆದು ಗೂಟಕ್ಕೆ ಹಾಕಿ ನೇರ ಕೆಲಸಕ್ಕಿಳಿದರು. ಮೊಳಕೆಯ ಕಪಾಟಿನ ಶಾಖ ನೋಡಿದರು, ನೀರು ನೋಡಿದರು, ಒಂದೆರಡು ಮಾದರಿಗಳನ್ನು ತಾವೇ ಆರಿಸಿ ನೋಡಿದರು. ಎಲ್ಲ ಸರಿಯಿತ್ತು. ಕಡೆಗೆ ಸ್ಟೂಲಿನ ಮುಂದೆ ನಿಂತರು. ಗಾಜು ಅಷ್ಟು ಹೊತ್ತಿಗೆ ತಿಳಿಯಾಗಿತ್ತು.

"ಇದು ಹೊಸದಲ್ವಾ? ಯಾಕೆ ಇನ್ನೂ ಜೋಡಿಸಿಲ್ಲ?"

ತೆಕ್ಲಾ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ನಿನ್ನೆ ಬಂತು, ತಣ್ಣಗಿದ್ದಾಗಲೇ ಬಿಚ್ಚಿ ಕರೆಂಟ್ ಕೊಟ್ಟಾಗಿದೆ, ಒಣಗಲು ಬಿಟ್ಟಿದ್ದೇವೆ.

"ಯಾರು ಕೊಟ್ಟಿದ್ದು?"

ಅಂಗಳದ ಬಾಗಿಲ ಹತ್ತಿರ ವಾಸಿಲ್ ಸಲಿಕೆ ಹಿಡಿದು ನಿಂತಿದ್ದರು.

"ನಮ್ಮ ಕೋಣೆ, ನಾವೇ," ಎಂದಳು ತೆಕ್ಲಾ.

ಫ್ರೀಸೆನ್ ಮತ್ತೆ ಕೇಳಲಿಲ್ಲ. ತಕ್ಕಡಿಯ ಸುತ್ತ ಬಗ್ಗಿ ನೋಡಿದರು. "ಈಗ ಒಣಗಿದ ಹಾಗೆ ಕಾಣುತ್ತೆ. ನನಗೂ ಖಾತ್ರಿ ಇಲ್ಲ, ಆದ್ರೆ ಹಾಕಿ ನೋಡೋದಾದ್ರೆ ನಾನು ಸಾಯಂಕಾಲದವರೆಗೆ ಕೂರ್ತೀನಿ. ಸರಿಯಿದ್ರೆ ಇವತ್ತೇ ಮುಗಿಸಿಬಿಡ್ತೀನಿ. ಈ ವಾರ ನನ್ನ ವರದಿ ಹೋಗ್ಬೇಕು. ಹಾಕೋದು ಬಿಡೋದು ನಿಮಗೆ ಬಿಟ್ಟಿದ್ದು."

ತೆಕ್ಲಾ ಪ್ಲಗ್ ಕೈಗೆತ್ತಿಕೊಂಡಳು. ಅದನ್ನು ಹಿಡಿದುಕೊಂಡೇ ಕಿಟಕಿಯವರೆಗೆ ನಡೆಯಲು ಹೋದಳು. ವಯರ್ ಬಿಗಿಯಾದಾಗ ನಿಂತಳು. ನಾನು ಬಾಗಿಲಲ್ಲಿ ನಿಂತು ಮನಸ್ಸಿನಲ್ಲೇ ದೇವರ ಹೆಸರು ಹೇಳಿಕೊಳ್ಳುತ್ತಿದ್ದೆ. ಏನು ಬೇಡಬೇಕೆಂದು ತಿಳಿಯದೆ ಬರೀ ಹೆಸರನ್ನಷ್ಟೇ ಹೇಳಿದೆ. ಇಷ್ಟು ವರ್ಷದಲ್ಲಿ ಯಾವುದಕ್ಕೂ ತಡೆದು ನಿಂತವಳಲ್ಲ ಅವಳು. ಒಲೆಯಲ್ಲಿನ ಬ್ರೆಡ್ಡನ್ನು ಬೇಯುವ ಮೊದಲೇ ಮೂರು ಸಲ ತೆರೆದು ನೋಡುವ ಕೈ ಅದು.

"ಬೇಡ," ಎಂದಳು. ಪ್ಲಗ್ಗನ್ನು ಸ್ಟೂಲಿನ ಮೇಲೆ ಸುತ್ತಿ ಇಟ್ಟಳು.

ಫ್ರೀಸೆನ್ ಕೋಟು ಹಾಕಿಕೊಂಡರು. "ನಾಳೆ ನನಗೆ ಆಚೆ ಊರಲ್ಲಿ ಕೆಲಸ. ಮಧ್ಯಾಹ್ನದ ಮೇಲೆ ವಾಪಸ್ ಇದೇ ದಾರಿ. ಗಾಳಿಗೆ ರಸ್ತೆ ಮುಚ್ಚದಿದ್ರೆ ನಿಲ್ಲಿಸ್ತೀನಿ. ಬರ್ತೀನಿ ಅಂತ ಮಾತು ಕೊಡಲ್ಲ."

ಅವರ ಕಾರು ಹೋದ ಮೇಲೆ ವಾಸಿಲ್ ಒಳಗೆ ಬಂದರು.

"ಹಾಕಿ ನೋಡ್ಬಹುದಿತ್ತಲ್ಲಮ್ಮಾ."

"ಹಾಕಿ ಸುಟ್ಟುಹೋಗಿದ್ರೆ?"

"ಸುಟ್ಟಿದ್ರೆ ನನ್ನಿಂದ ಸುಟ್ಟಿದ್ದು ಅಂತ ಇಡೀ ಊರು ಹೇಳ್ತಿತ್ತು."

"ಗೊತ್ತು," ಎಂದಳು. "ಅದೂ ಒಂದು ಯೋಚನೆ ಇತ್ತು."

ಮೂರನೆಯ ದಿನ ಬೆಳಗಿನಿಂದಲೇ ಗಾಳಿ ಎದ್ದಿತ್ತು. ಬಯಲಿನ ಹಿಮ ನೆಲ ಬಿಟ್ಟೇಳದೆ ಹಾವಿನಂತೆ ರಸ್ತೆಯ ಮೇಲೆ ಹರಿಯುತ್ತಿತ್ತು. ಅಂಗಡಿಗೆ ಬಂದವರೆಲ್ಲ ರಸ್ತೆಯ ಸುದ್ದಿ ಹೇಳಿದರು. ಒಬ್ಬರು ಮುಚ್ಚುತ್ತಾರೆ ಎಂದರೆ ಇನ್ನೊಬ್ಬರು ಇಲ್ಲ ಎಂದರು. ತೆಕ್ಲಾ ಪ್ರತಿಯೊಬ್ಬರಿಗೂ ಬಾಗಿಲಿಂದ ತಲೆ ಹಾಕಿ ಅದನ್ನೇ ಕೇಳಿದಳು.

ಎರಡು ದಿನ ಮುಗಿದ ಹೊತ್ತಿಗೆ ಅವಳು ಕೈ ತೊಳೆದು ಬಂದಳು. ವಾಸಿಲ್ ತಕ್ಕಡಿಯನ್ನು ಅಡಿಯಿಂದ ಎತ್ತಿ, ಮಗುವನ್ನು ತೊಟ್ಟಿಲಿಗೆ ಹಾಕುವ ಹಾಗೆ ಕಲ್ಲಿನ ಮೇಲಿಟ್ಟರು. ಅವಳು ತಟ್ಟೆ ತೆಗೆದು, ಕೆಂಪು ತುಂಡನ್ನು ಪುಸ್ತಕದಲ್ಲಿ ಹೇಳಿದ ದಿಕ್ಕಿಗೆ ತಿರುಗಿಸಿ ಹೊರತೆಗೆದಳು. ತಟ್ಟೆ ಮತ್ತೆ ಕೂರಿಸಿದಳು. ತಕ್ಕಡಿಯ ಹಿಂಬದಿಯಲ್ಲಿ ಗಾರೆ ಕೆಲಸದವರ ರಸಮಟ್ಟದಲ್ಲಿರುವಂಥ ಒಂದು ಗಾಳಿಗುಳ್ಳೆ ಇತ್ತು. ಕೆಳಗಿನ ಎರಡು ಕಾಲುಗಳನ್ನು ತಿರುಗಿಸುತ್ತ ತಿರುಗಿಸುತ್ತ ಗುಳ್ಳೆಯನ್ನು ಉಂಗುರದ ನಡುವೆ ತಂದಳು. ಆಮೇಲೆ ಪ್ಲಗ್ ಹಿಡಿದು, ಶಿಲುಬೆಯ ಗುರುತು ಮಾಡಿಕೊಂಡು, ಸಿಕ್ಕಿಸಿದಳು.

ಹಸಿರು ದೀಪ ಹತ್ತಿತು. ಅಂಕಿಗಳು ಬಂದವು. ವಾಸಿಲ್ ಟೋಪಿ ತೆಗೆದರು.

ಆದರೆ ಯಂತ್ರ ಒಳಗಿನಿಂದ ಬೆಚ್ಚಗಾಗಲು ಇನ್ನೊಂದೆರಡು ಗಂಟೆ ಬೇಕಿತ್ತು. ಅಷ್ಟು ಹೊತ್ತು ಅವಳು ಕಿಟಕಿಗೂ ಕಲ್ಲಿಗೂ ನಡುವೆ ನಡೆದಳು. ಹೊತ್ತಾದ ಮೇಲೆ ಚಿಮಟದಲ್ಲಿ ಪರೀಕ್ಷೆಯ ತೂಕದ ಕಲ್ಲನ್ನು ಎತ್ತಿ ತಟ್ಟೆಯ ನಡುವೆ ಇಟ್ಟಳು, ಗಾಜಿನ ಬಾಗಿಲು ಮುಚ್ಚಿದಳು. ಅಂಕಿಗಳು ಏರಿದವು. ಮೊದಲಿನವು ನಿಂತವು. ಕಡೆಯ ಎರಡು ಅಂಕಿ ನಿಲ್ಲಲಿಲ್ಲ. ಮೇಲೆ ಹೋದವು, ಕೆಳಗೆ ಬಂದವು, ಮತ್ತೆ ಮೇಲೆ ಹೋದವು.

"ಇನ್ನೂ ಬೆಚ್ಚಗಾಗಿಲ್ಲವೇನೋ," ಎಂದೆ.

ಮತ್ತಷ್ಟು ಹೊತ್ತು ಬಿಟ್ಟಳು. ಬಿಸಿಗಾಳಿಯ ಫ್ಯಾನ್ ನಿಲ್ಲಿಸಿದಳು. ನನ್ನ ಕಡೆಯ ಬಾಗಿಲನ್ನು ಎಷ್ಟೋ ವರ್ಷಕ್ಕೆ ಮೊದಲ ಸಲ ಮುಚ್ಚಿಸಿದಳು. ನಾನೂ ಒಳಗೇ ಉಳಿದೆ. ತೂಕವನ್ನು ತೆಗೆದು ಮತ್ತೆ ಇಟ್ಟಳು. ಅಂಕಿಗಳು ಅಲೆಯುತ್ತಲೇ ಇದ್ದವು. ಅವಳು ನೋಡಿದಳು, ತಿರುಗಿದಳು, ಕಿಟಕಿಗೆ ಹೋದಳು, ರಸ್ತೆ ನೋಡಿದಳು, ಬಂದಳು, ಅಂಕಿ ನೋಡಿದಳು.

"ತೇವ ಒಳಗೆ ಹೋಗಿದೆ. ಕೆಟ್ಟಿದೆ."

ವಾಸಿಲ್ ಗೋಡೆಗೆ ಒರಗಿ ಕೂತಿದ್ದರು. ಅವರ ಕಣ್ಣು ಅವಳ ಜೊತೆಗೇ ಆ ಕಡೆ ಈ ಕಡೆ ಹೋಗುತ್ತಿತ್ತು.

"ಕೂತ್ಕೋ ತಾಯಿ. ನಿನ್ನ ನೋಡಿ ನೋಡಿ ನನಗೆ ತಲೆ ತಿರುಗ್ತಿದೆ."

"ನಾನು ಕೂತ್ರೆ ಅದು ಸರಿಹೋಗುತ್ತಾ?"

"ನನ್ನ ತಲೆ ಸರಿಹೋಗುತ್ತೆ."

ಅವಳು ಕೂತಳು. ಸಿಟ್ಟಿನಿಂದಲೇ, ಕೈ ಕಟ್ಟಿಕೊಂಡು, ತಕ್ಕಡಿಯ ಮುಂದಿನ ಕುರ್ಚಿಯಲ್ಲಿ. ಹೊರಗೆ ಗಾಳಿಯ ಸದ್ದು ಬಿಟ್ಟರೆ ಏನೂ ಇರಲಿಲ್ಲ. ನಾನು ಅಂಕಿಗಳನ್ನೇ ನೋಡುತ್ತಿದ್ದೆ. ಒಂದು ನಿಂತಿತು. ಇನ್ನೊಂದು ಸ್ವಲ್ಪ ತೂಗಾಡಿ ನಿಂತಿತು. ಪಕ್ಕದಲ್ಲಿ ಒಂದು ಸಣ್ಣ ಚುಕ್ಕೆ ಮೂಡಿತು. ತೂಕ ನೆಲೆಗೆ ಬಂತು ಎಂಬುದಕ್ಕೆ ಅದೇ ಗುರುತು ಎಂದು ಅವಳೇ ನನಗೆ ಓದಿಹೇಳಿದ್ದಳು.

"ನಿಂತಿತು," ಎನ್ನುತ್ತ ತೆಕ್ಲಾ ಎದ್ದಳು. ಚುಕ್ಕೆ ಹೋಯಿತು. ಅಂಕಿಗಳು ಹೊರಟವು.

ಅವಳು ನಿಂತಲ್ಲೇ ನಿಂತಳು. ಅಂಕಿಗಳು ನಿಂತವು. ಒಂದು ಕಾಲು ಮುಂದಿಟ್ಟಳು. ಅವು ಹೊರಟವು. ಅವಳು ತನ್ನ ಬೂಟುಗಳನ್ನು ಬಗ್ಗಿ ನೋಡಿದಳು, ಅವು ಬೇರೆ ಯಾರದ್ದೋ ಎನ್ನುವ ಹಾಗೆ. ಅವಳ ಹೆಜ್ಜೆಗೆ ಮರದ ನೆಲ ಬಾಗುತ್ತಿತ್ತು, ನೆಲದ ಜೊತೆ ಮೇಜು, ಮೇಜಿನ ಜೊತೆ ಅಷ್ಟು ಭಾರದ ಕಲ್ಲೂ ಕೂದಲೆಳೆಯಷ್ಟು ಅಲುಗುತ್ತಿತ್ತು. ನಮಗ್ಯಾರಿಗೂ ಗೊತ್ತಾಗದ್ದು ಆ ತಟ್ಟೆಗೆ ಗೊತ್ತಾಗುತ್ತಿತ್ತು.

"ನಾನೇ," ಎಂದಳು.

ವಾಸಿಲ್ ಮುಖದಲ್ಲಿ ಎರಡು ದಿನದ ಮೇಲೆ ರಕ್ತ ಬಂತು. "ಅಂದ್ರೆ ನಾನು ಕೆಡಿಸಿಲ್ಲ?"

"ಇಲ್ಲ ವುಯ್ಕೋ."

"ಬೇಸಿಗೆ ಬರ್ಲಿ, ನೆಲ ಕೊಯ್ದು ಕೆಳಗಿಂದ ಒಂದು ಕಂಬ ಕೊಡ್ತೀನಿ. ಅಲ್ಲೀವರೆಗೂ ನಿನ್ನನ್ನ ಕುರ್ಚಿಗೆ ಕಟ್ಟಿಹಾಕ್ಬೇಕು. ಹಗ್ಗ ನನ್ನ ಹತ್ರ ಇದೆ."

ಅವಳು ಮತ್ತೆ ಕೂತು, ತೂಕದ ಕಲ್ಲುಗಳನ್ನು ಒಂದೊಂದಾಗಿ ಇಟ್ಟು ನೋಡಿದಳು. ಎಲ್ಲವೂ ಇರಬೇಕಾದಲ್ಲೇ ನಿಂತವು. ಉಳಿದದ್ದು ರಸ್ತೆ ಮಾತ್ರ. ಕಿಟಕಿಗೆ ಹೋಗಿ ನೋಡಲು ಅವಳ ಕಾಲು ಎಳೆಯುತ್ತಿದ್ದದ್ದು ನನಗೆ ಕಾಣುತ್ತಿತ್ತು. ಮಂಡಿಗಳು ಕುರ್ಚಿಯಲ್ಲೇ ಕುಣಿಯುತ್ತಿದ್ದವು. ಅವಳು ಎರಡು ಕೈಯಲ್ಲೂ ಅವನ್ನು ಅದುಮಿ ಹಿಡಿದುಕೊಂಡಿದ್ದಳು. ವಾಸಿಲ್ ಹೊರಗೆ ಹೋಗಿ ನಿಂತರು. ನಾನು ಗಲ್ಲಾಕ್ಕೆ ಹಿಂತಿರುಗಿ, ಕೈಗೆ ಸಿಕ್ಕ ಕೆಲಸ ಮಾಡುತ್ತ, ಆ ರಸ್ತೆಯಲ್ಲಿ ಬರುವ ಎಲ್ಲರಿಗಾಗಿ ಬೇಡಿಕೊಂಡೆ. ಫ್ರೀಸೆನ್ ಒಬ್ಬರಿಗಾಗಿ ಬೇಡುವುದು ಸರಿಯೆನಿಸಲಿಲ್ಲ.

ಬೆಳಕು ಇಳಿಯತೊಡಗಿದಾಗ ಕಾರಿನ ದೀಪಗಳು ಅಂಗಳಕ್ಕೆ ತಿರುಗಿದವು. ಫ್ರೀಸೆನ್ ಇಳಿಯುವ ಮೊದಲೇ ವಾಸಿಲ್ ಅವರ ಕಾರಿನ ವಯರ್ ಹಿಡಿದು ಪ್ಲಗ್ ಇರುವ ಕಂಬದ ಕಡೆ ಹೊರಟಿದ್ದರು.

ಹುಬ್ಬಿನ ಮೇಲೆ ಹಿಮ ಹೊತ್ತು ಫ್ರೀಸೆನ್ ದಡದಡನೆ ಒಳಗೆ ಬಂದರು. ತೆಕ್ಲಾ ಕೂತಲ್ಲಿಂದಲೇ ಕೈ ಅಡ್ಡ ಹಿಡಿದಳು.

"ಕ್ಷಮಿಸಿ, ಅಲ್ಲೇ ನಿಲ್ಲಿ. ನಡೆದ್ರೆ ಅಂಕಿ ಓಡುತ್ತೆ. ಬೂಟು ಬಿಚ್ಚಿ, ಮೆಲ್ಲಗೆ ಬಂದು ಈ ಕುರ್ಚೀಲಿ ಕೂತ್ಕೊಳ್ಳಿ."

ಫ್ರೀಸೆನ್ ಅವಳನ್ನೂ ನೆಲವನ್ನೂ ನೋಡಿದರು. ಬೂಟು ಬಿಚ್ಚಿ ಬಂದು ಕೂತರು. ತಮ್ಮದೇ ಡಬ್ಬಿಯಿಂದ ತೂಕದ ಕಲ್ಲುಗಳನ್ನು ತೆಗೆದು ಒಂದೊಂದಾಗಿ ಇಟ್ಟರು. ವಾಸಿಲ್ ಮತ್ತು ನಾನು ಬಾಗಿಲಲ್ಲೇ ನಿಂತಿದ್ದೆವು. ಪ್ರತಿ ಸಲವೂ ಚುಕ್ಕೆ ಮೂಡುವವರೆಗೆ ನಾಲ್ವರಲ್ಲಿ ಯಾರೂ ಕಾಲು ಕದಲಿಸಲಿಲ್ಲ. ಕಡೆಯ ಕಲ್ಲನ್ನು ಡಬ್ಬಿಗೆ ಹಾಕಿ ಅವರು ಪೆನ್ನು ತೆಗೆದರು.

"ತಕ್ಕಡಿ ಸರಿಯಿದೆ. ನೆಲ ಸರಿಯಿಲ್ಲ. ತೂಗುವಾಗ ಈ ಕೋಣೇಲಿ ಯಾರೂ ಓಡಾಡಬಾರದು ಅಂತ ಷರತ್ತು ಹಾಕಿ ಒಪ್ಪಿಗೆ ಕೊಡ್ತೀನಿ. ಆಗುತ್ತಾ?"

ವಾಸಿಲ್ ಕೆಮ್ಮಿದರು.

"ಆಗುತ್ತೆ," ಎಂದಳು ತೆಕ್ಲಾ.

ಫ್ರೀಸೆನ್ ಸಹಿ ಹಾಕಿ, ಒಂದು ಲೋಟ ಬಿಸಿ ಸಾರು ಕುಡಿದು, ಪೂರ್ತಿ ಕತ್ತಲಾಗುವ ಮೊದಲು ಹೊರಟುಹೋದರು. ನಾನು ಗಲ್ಲಾದ ಕೆಲಸ ಮುಗಿಸುತ್ತಿದ್ದೆ. ಬೀಜದ ಕೋಣೆಯಿಂದ ಹೆಜ್ಜೆಯ ಸದ್ದೇ ಇಲ್ಲ. ಏನಾಯಿತೋ ಎಂದು ತಲೆ ಎತ್ತಿದೆ.

"ಬೆಳಿಗ್ಗೆ ಯಾರೋ ಮಸೂರದ ಚೀಲ ಬಿಟ್ಟುಹೋದ್ರಲ್ಲ," ಎಂದಳು ಒಳಗಿನಿಂದ. "ಅದನ್ನ ನೀನೇ ತಂದುಕೊಡ್ತೀಯಾ? ಮೆಲ್ಲಗೆ ನಡಿ."